ಪೊರೆಗೆ ಕಾಣದ್ದು

ನಂದಿಬೆಟ್ಟದ ಸುತ್ತಮುತ್ತ ಹುಟ್ಟುವ ಹೊಳೆಗಳಲ್ಲಿ ಒಂದೂ ನಮ್ಮಲ್ಲಿ ನಿಲ್ಲುವುದಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ ಇಳಿಯುತ್ತದೆ. ಚಿತ್ರಾವತಿ ಬಾಗೇಪಲ್ಲಿಯ ಕಡೆಯಿಂದ ಅದೇ ರಾಜ್ಯ ಸೇರುತ್ತದೆ. ದಕ್ಷಿಣ ಪಿನಾಕಿನಿ, ಪಾಲಾರ್ ಎರಡೂ ತಮಿಳುನಾಡಿನ ಪಾಲು. ಇವು ಹರಿಯುತ್ತವೆ ಎನ್ನುವುದೂ ಮಳೆಗಾಲದ ನಾಲ್ಕು ದಿನದ ಮಾತು, ಉಳಿದ ತಿಂಗಳುಗಳಲ್ಲಿ ಕಾಣುವುದು ಮರಳು ಮತ್ತು ಜಾಲಿ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೆರೆಯ ಕೋಡಿ ಇನ್ನೊಂದು ಕೆರೆಗೆ ಸೇರುವ ಹಾಗೆ ಸಾಲು ಸಾಲಾಗಿ ಕೆರೆ ಕಟ್ಟಿದರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಲು ನೀರುಗಂಟಿಯನ್ನು ಇಟ್ಟರು. ಆಮೇಲೆ ತೆರೆದ ಬಾವಿಗಳು ಬಂದವು, ಬಾವಿಗಳು ಬತ್ತಿದ ಮೇಲೆ ಬೋರುಗಳು ಬಂದವು. ಇನ್ನೂರು ಅಡಿಗೆ ಸಿಕ್ಕುತ್ತಿದ್ದ ನೀರು ಐನೂರಕ್ಕೆ ಇಳಿಯಿತು, ಸಾವಿರಕ್ಕೆ ಇಳಿಯಿತು. ಈಗ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾವಿರದ ಐನೂರು ಅಡಿ ಕೊರೆಸಿದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಕೇಂದ್ರ ಅಂತರ್ಜಲ ಮಂಡಳಿ ಈ ಎರಡೂ ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಯಲ್ಲಿಟ್ಟು ವರ್ಷಗಳಾದವು. ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚನ್ನು ನಾವು ಎತ್ತುತ್ತಿದ್ದೇವೆ ಎಂದು ಅದರ ಅರ್ಥ.

ಆಳಕ್ಕೆ ಹೋದಂತೆ ನೀರಿನ ಗುಣವೂ ಬೇರೆಯಾಗುತ್ತದೆ. ಬಂಡೆಯ ಬಿರುಕಿನೊಳಗೆ ದೀರ್ಘಕಾಲ ಕೂತ ನೀರು ಬಂಡೆಯನ್ನೇ ಅಷ್ಟಷ್ಟು ಕರಗಿಸಿಕೊಂಡಿರುತ್ತದೆ. ನಮ್ಮ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕರಿ ಅಭ್ರಕ ಇವೆ, ಅವುಗಳಲ್ಲಿ ಫ್ಲೋರೈಡ್ ಇದೆ. ನೀರಿನಲ್ಲಿ ಸುಣ್ಣದಂಶ ಕಡಿಮೆಯಾಗಿ ಸೋಡದಂಶ ಹೆಚ್ಚಿದಷ್ಟೂ ಅದು ಸುಲಭವಾಗಿ ಕರಗುತ್ತದೆ. ಇದನ್ನು ಯಾವ ಕಾರ್ಖಾನೆಯೂ ಸುರಿದಿಲ್ಲ, ಆಳಕ್ಕೆ ಹೋಗಿ ಮೇಲೆ ತಂದವರು ನಾವು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಅದನ್ನು ಮೀರಿದ ನೀರನ್ನು ಮಕ್ಕಳು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ. ಇನ್ನೂ ಹೆಚ್ಚಿದ್ದರೆ, ದಶಕಗಳ ಕಾಲ ಕುಡಿದರೆ, ಕೀಲು ಹಿಡಿಯುತ್ತದೆ, ಬೆನ್ನು ಬಗ್ಗುತ್ತದೆ. ಫ್ಲೋರೈಡ್ ನೀರಿನಿಂದ ಬರುವ ಈ ಮೂಳೆಯ ಕಾಯಿಲೆಯನ್ನು ನಮ್ಮ ದೇಶದಲ್ಲಿ ವೈದ್ಯರು ಮೊದಲು ವಿವರಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ನಂದಿಯ ಮಗ್ಗುಲಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಪೆನ್ನಾ ಎನಿಸಿಕೊಂಡು ಕಡಲು ಸೇರುವುದು ಆ ಜಿಲ್ಲೆಯಲ್ಲೇ. ಹೊಳೆಯ ತಲೆಯಲ್ಲೂ ಬುಡದಲ್ಲೂ ಒಂದೇ ಸಂಕಟ.

ಈ ಸಂಕಟಕ್ಕೆ ಸರ್ಕಾರ ಕೊಟ್ಟ ಉತ್ತರವೇ ಹಳ್ಳಿ ಹಳ್ಳಿಯಲ್ಲಿ ಕಾಣುವ ಶುದ್ಧ ಕುಡಿಯುವ ನೀರಿನ ಘಟಕ. ತಗಡಿನ ಕೋಣೆ, ಹೊರಗೆ ನಾಣ್ಯ ಹಾಕುವ ಕಿಂಡಿ, ಇಪ್ಪತ್ತು ಲೀಟರಿನ ಕ್ಯಾನು. ನಮ್ಮ ಕಡೆಯ ಮಾತಿನಲ್ಲಿ ಅದು ‘ಫಿಲ್ಟರ್ ನೀರು’. ಬೆಳಗ್ಗೆ ಬೈಕಿನ ಮುಂದೊಂದು ಹಿಂದೊಂದು ಕ್ಯಾನು ಇಟ್ಟುಕೊಂಡು ಬರುವ ಹುಡುಗರು, ಸೊಂಟದ ಮೇಲೆ ಬಿಂದಿಗೆ ಹೊತ್ತು ಬರುವ ಹೆಣ್ಣುಮಕ್ಕಳು, ಎಲ್ಲರೂ ಅಲ್ಲೇ ಸೇರುತ್ತಾರೆ. ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ನಿಂತಿದ್ದಾಗ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಅಂದಳು: “ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಣ್ಣ, ಅನ್ನ ಮಾಡಿದ್ರೆ ಹಳದಿ ತಿರುಗುತ್ತೆ. ಇದ್ರಲ್ಲಿ ಎಲ್ಲಾ ಹೋಗುತ್ತೆ.” ಘಟಕ ನೋಡಿಕೊಳ್ಳುವ ಹುಡುಗ ಅದಕ್ಕೆ ಸಾಕ್ಷಿಯಾಗಿ ಜೇಬಿನಿಂದ, ನೀರಿನಲ್ಲಿ ಕರಗಿದ್ದನ್ನು ಅಳೆಯುತ್ತದೆ ಎನ್ನುವ ಟಿಡಿಎಸ್ ಪೆನ್ನು ತೆಗೆದು ಎರಡು ಲೋಟಗಳಲ್ಲಿ ಅದ್ದಿ ತೋರಿಸಿದ. ಬೋರಿನ ನೀರಿಗೆ ಸಾವಿರದ ಹತ್ತಿರ, ಫಿಲ್ಟರ್ ನೀರಿಗೆ ಅರವತ್ತರ ಆಸುಪಾಸು. ನೋಡುವವರ ಕಣ್ಣಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅವಳ ಆ ಮಾತು ನನ್ನನ್ನು ಬಿಡಲಿಲ್ಲ. ಎಲ್ಲಾ ಹೋಗುತ್ತದೆಯೇ? ಹೋದದ್ದು ಎಲ್ಲಿಗೆ ಹೋಗುತ್ತದೆ? ಕೋಣೆಯ ಹಿಂದೆ ಹೋಗಿ ನೋಡಿದರೆ ಎರಡನೆಯ ಪ್ರಶ್ನೆಗೆ ಉತ್ತರ ಕಾಣುತ್ತದೆ. ಒಂದು ಪಿವಿಸಿ ಕೊಳವೆ, ಅದರ ಬಾಯಿಂದ ಸತತವಾಗಿ ಸುರಿಯುವ ನೀರು, ಆ ನೀರು ಸೇರುವ ಚರಂಡಿ. ಮೊದಲನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಕೋಣೆಯೊಳಗಿನ ಯಂತ್ರದ ಪೊರೆಯೊಳಗೆ ಇಳಿಯಬೇಕು.

ಆರ್‌ಓ ಯಂತ್ರದ ಹೃದಯವೇ ಆ ಪೊರೆ, ಸುರುಳಿ ಸುತ್ತಿದ ಒಂದು ಹಾಳೆ. ಅದರಲ್ಲಿ ಕೆಲಸ ಮಾಡುವ ಪಾಲಿಅಮೈಡ್ ಪದರ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲೂ ಇಲ್ಲ. ಉಳಿದದ್ದೆಲ್ಲ ಅದು ಹರಿಯದಂತೆ ಕೊಟ್ಟ ಆಸರೆ. ಇಂಥ ಪೊರೆಯಿಂದ ಉಪ್ಪುನೀರನ್ನು ಸಿಹಿ ಮಾಡಬಹುದು ಎಂದು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತೋರಿಸಿಕೊಟ್ಟವರು ಸಿಡ್ನಿ ಲೋಯೆಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಅಲ್ಲಿನ ಕೋಲಿಂಗ ಎಂಬ ಊರಿಗೆ ಈ ವಿಧಾನದಿಂದ ಕುಡಿಯುವ ನೀರು ಸಿಕ್ಕಿತು. ಇಂದು ನಮ್ಮ ಹಳ್ಳಿಯ ಕೋಣೆಯಲ್ಲಿ ಸದ್ದು ಮಾಡುವ ಯಂತ್ರ ಅದರದೇ ಸಂತತಿ.

ಈ ಪೊರೆಯನ್ನು ಬರೀ ಜರಡಿ ಅಂದುಕೊಂಡರೆ ಸಾಲದು. ಜರಡಿ ನೋಡುವುದು ಗಾತ್ರವನ್ನು ಮಾತ್ರ, ಈ ಪೊರೆ ಅದರ ಜೊತೆಗೆ ವಿದ್ಯುದಂಶವನ್ನೂ ನೋಡುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಧನ ಅಥವಾ ಋಣ ವಿದ್ಯುದಂಶ ಹೊತ್ತಿರುತ್ತವೆ. ಅವುಗಳ ಸುತ್ತ ನೀರಿನ ಅಣುಗಳು ಅಂಟಿಕೊಂಡು ಮೈ ದಪ್ಪವಾಗಿರುತ್ತದೆ. ಪೊರೆಯ ಮೇಲ್ಮೈಯಲ್ಲೂ ವಿದ್ಯುದಂಶ ಇರುವುದರಿಂದ ತನ್ನ ಜಾತಿಯದನ್ನು ಅದು ದೂರ ತಳ್ಳುತ್ತದೆ. ಹೀಗೆ ಫ್ಲೋರೈಡ್ ಹೊರಗೇ ಉಳಿಯುತ್ತದೆ. ನಮ್ಮ ಕಡೆಯ ಹಳ್ಳಿಗಳಿಗೆ ಈ ಯಂತ್ರ ಮಾಡಿದ ಉಪಕಾರ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ವಿದ್ಯುದಂಶವೇ ಇಲ್ಲದ, ಗಾತ್ರವೂ ಚಿಕ್ಕದಾದ ವಸ್ತು ಎದುರಾದರೆ ಪೊರೆ ಏನು ಮಾಡುತ್ತದೆ?

ಬೋರಾನ್ ಅಂಥ ವಸ್ತು. ಹೆಸರು ಹೊಸದು, ವಸ್ತು ನಮಗೆ ಹಳೆಯದು. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರ ಬೋರಾನಿನ ಲವಣ, ಒಂದು ಕಾಲದಲ್ಲಿ ಟಿಬೆಟ್, ಲಡಾಖಿನ ಕಡೆಯಿಂದ ಹೊತ್ತು ತರುತ್ತಿದ್ದದ್ದು. ಕೇರಂ ಹಲಗೆಯ ಮೇಲೆ ಚಿಮುಕಿಸುವ ನುಣುಪು ಪುಡಿ ಬೋರಿಕ್ ಆಮ್ಲ. ಕೆಲವು ಬಟ್ಟೆ ಸೋಪಿನ ಪುಡಿಗಳಲ್ಲಿ ಬಿಳುಪಿಗಾಗಿ ಪರ್‌ಬೋರೇಟ್ ರೂಪದಲ್ಲಿ ಅದು ಸೇರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 4.5ರಿಂದ 5 ಮಿಲಿಗ್ರಾಂ ಇದ್ದೇ ಇರುತ್ತದೆ. ಸಾಧಾರಣ ನೀರಿನಲ್ಲಿ ಬೋರಾನ್ ಬಹುಪಾಲು ಬೋರಿಕ್ ಆಮ್ಲವಾಗಿಯೇ ಉಳಿಯುತ್ತದೆ. ಆ ಅಣುವಿಗೆ ವಿದ್ಯುದಂಶವಿಲ್ಲ, ಗಾತ್ರ ಚಿಕ್ಕದು, ನೀರಿನ ಅಣುವಿನೊಡನೆ ಸಲೀಸಾಗಿ ಬೆರೆಯುವ ಗುಣ. ಮದುವೆ ದಿಬ್ಬಣದ ನಡುವೆ ಸೇರಿಕೊಂಡು ಬಂದವನನ್ನು ಬಾಗಿಲಲ್ಲಿ ಯಾರೂ ತಡೆಯದ ಹಾಗೆ ಅದು ನೀರಿನ ಜೊತೆಯಲ್ಲೇ ದಾಟಿಬಿಡುತ್ತದೆ. ಕರಗಿದ ಉಪ್ಪನ್ನು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ತಡೆಯುವ ಸಾಧಾರಣ ಪೊರೆ ಬೋರಾನನ್ನು ತಡೆಯುವುದು ಅರ್ಧದ ಆಸುಪಾಸು ಮಾತ್ರ. ಆರ್ಸೆನಿಕ್ಕಿನ ಒಂದು ರೂಪಕ್ಕೂ ಇದೇ ಗುಣ ಇರುವುದರಿಂದ ಅದೂ ಹೀಗೇ ನುಸುಳುತ್ತದೆ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಹುಡುಗನ ಜೇಬಿನ ಟಿಡಿಎಸ್ ಪೆನ್ನು ಅಳೆಯುವುದು ಕರಗಿದ ವಸ್ತುವನ್ನಲ್ಲ, ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಲೆಕ್ಕ ಹಾಕಿ ಒಂದು ಅಂಕಿ ತೋರಿಸುತ್ತದೆ. ವಿದ್ಯುದಂಶವಿಲ್ಲದ ಬೋರಿಕ್ ಆಮ್ಲ ಆ ಪೆನ್ನಿಗೂ ಕಾಣುವುದಿಲ್ಲ. ಅಂದರೆ ಪೊರೆ ಯಾವುದನ್ನು ತಡೆಯಲಾರದೋ ಅದನ್ನೇ ಅಳತೆಯೂ ಹಿಡಿಯಲಾರದು. ಕೆಲಸ ಮಾಡುವ ಯಂತ್ರಕ್ಕೂ ಅದನ್ನು ಪರೀಕ್ಷಿಸುವ ಉಪಕರಣಕ್ಕೂ ಕುರುಡು ಒಂದೇ ಜಾಗದಲ್ಲಿದ್ದರೆ ತೃಪ್ತಿ ಪೂರ್ಣವಾಗಿರುತ್ತದೆ, ತಿಳಿವಳಿಕೆ ಪೂರ್ಣವಾಗಿರುವುದಿಲ್ಲ. ಅರವತ್ತು ಎಂಬ ಅಂಕಿ ಸುಳ್ಳಲ್ಲ. ಅದು ಉತ್ತರ ಕೊಡುತ್ತಿರುವುದು ನಾವು ಕೇಳಿದ ಪ್ರಶ್ನೆಗಿಂತ ಚಿಕ್ಕದೊಂದು ಪ್ರಶ್ನೆಗೆ. ನೀರಿನ ವಿಷಯದಲ್ಲಷ್ಟೇ ಅಲ್ಲ, ನಾವು ನಂಬಿ ನಡೆಯುವ ಎಷ್ಟೋ ವ್ಯವಸ್ಥೆಗಳಲ್ಲಿ ಹೀಗೆ ಕೆಲಸವನ್ನೂ ತಪಾಸಣೆಯನ್ನೂ ಒಂದೇ ಕಣ್ಣು ಮಾಡುತ್ತಿರುತ್ತದೆ ಎಂದು ಆ ದಿನದಿಂದ ನನಗೆ ಅನಿಸುತ್ತಿದೆ.

ಬೋರಾನನ್ನು ಪೊರೆಯಿಂದ ತೆಗೆಯಲು ಆಗುವುದೇ ಇಲ್ಲ ಎಂದಲ್ಲ. ಅದಕ್ಕೆ ದಾರಿ ಕಂಡುಕೊಂಡವರಲ್ಲಿ ಇಸ್ರೇಲಿಗರು ಮುಖ್ಯರು. ಬಯಲ ನಾಡಿನವರಾದ ನಮಗೆ ಅವರ ಕಥೆ ಬಹಳ ಹತ್ತಿರದ್ದು. ಅವರು ಸಮುದ್ರದ ನೀರನ್ನು ಸಿಹಿ ಮಾಡಿ ಊರಿಗೆ ಕೊಡುತ್ತಾರೆ, ಊರಿನಿಂದ ಹೊರಬಂದ ಕೊಳಚೆಯನ್ನು ಶುದ್ಧೀಕರಿಸಿ ತೋಟಕ್ಕೆ ಹರಿಸುತ್ತಾರೆ. ಕೊಳಚೆ ಶುದ್ಧೀಕರಣದ ಸಾಮಾನ್ಯ ಹಂತಗಳಲ್ಲಿ ಬೋರಾನ್ ಹೋಗುವುದಿಲ್ಲ. ಹಾಗಾಗಿ ಸಮುದ್ರದ ದಡದಲ್ಲಿ ಪೊರೆಯನ್ನು ದಾಟಿ ನುಸುಳಿದ್ದು, ಮನೆಯಲ್ಲಿ ಬಟ್ಟೆ ಒಗೆಯುವಾಗ ಸೇರಿದ್ದು, ಎಲ್ಲವೂ ಕೊನೆಗೆ ಕಿತ್ತಳೆ ಗಿಡದ ಬುಡಕ್ಕೆ ಬಂದು ನಿಲ್ಲುತ್ತದೆ. ಕಿತ್ತಳೆ, ನಿಂಬೆಯ ಜಾತಿ ಬೋರಾನ್ ಸ್ವಲ್ಪ ಹೆಚ್ಚಾದರೂ ತಾಳುವುದಿಲ್ಲ. ಅದಕ್ಕಾಗಿ ಅವರು ಎರಡು ಕಡೆ ಕಟ್ಟುನಿಟ್ಟು ಮಾಡಿದರು. ಬಟ್ಟೆ ಸೋಪಿನ ಪುಡಿಯಲ್ಲಿ ಬೋರಾನ್ ಎಷ್ಟಿರಬಹುದು ಎಂದು 1999ರಲ್ಲಿ ಮಿತಿ ಹಾಕಿದರು. 2005ರಲ್ಲಿ ಆರಂಭವಾದ, ಸಮುದ್ರದ ನೀರನ್ನು ಸಿಹಿ ಮಾಡುವ ಆಶ್ಕೆಲೊನ್ ಘಟಕದಿಂದ ಹೊರಬರುವ ನೀರಿನಲ್ಲಿ ಬೋರಾನ್ ಲೀಟರಿಗೆ 0.4 ಮಿಲಿಗ್ರಾಂ ಮೀರಬಾರದು ಎಂದು ಕರಾರು ಮಾಡಿದರು.

ಅದನ್ನು ಸಾಧಿಸಿದ ಬಗೆ ನನಗೆ ತುಂಬ ಮೆಚ್ಚುಗೆಯಾದದ್ದು. ಮೊದಲ ಪೊರೆಯಲ್ಲಿ ಉಪ್ಪನ್ನೂ ಸುಣ್ಣದಂಶವನ್ನೂ ತೆಗೆಯುತ್ತಾರೆ. ಆಮೇಲೆ ಆ ನೀರಿಗೆ ಕಾಸ್ಟಿಕ್ ಸೋಡ ಬೆರೆಸಿ ಕ್ಷಾರವಾಗಿಸುತ್ತಾರೆ. ಪಿಎಚ್ 9.2ರ ಹತ್ತಿರ ಬೋರಿಕ್ ಆಮ್ಲದ ಅರ್ಧಭಾಗ ಬೋರೇಟ್ ಆಗುತ್ತದೆ, 10 ದಾಟಿದರೆ ಬಹುಪಾಲು ಬೋರೇಟೇ. ಬೋರೇಟಿಗೆ ಋಣ ವಿದ್ಯುದಂಶವಿದೆ, ಗಾತ್ರವೂ ದೊಡ್ಡದು. ಈಗ ಎರಡನೆಯ ಪೊರೆ ಅದನ್ನು ತಡೆಯಬಲ್ಲದು. ಸುಣ್ಣದಂಶವನ್ನು ಮೊದಲೇ ತೆಗೆಯದೆ ಕ್ಷಾರ ಬೆರೆಸಿದರೆ ಪೊರೆಯ ಮೇಲೆ ಗಟ್ಟಿ ಪದರ ಕಟ್ಟಿಬಿಡುತ್ತದೆ, ಅದಕ್ಕೇ ಈ ಎರಡು ಹಂತ. ಬೋರಾನನ್ನು ಮಾತ್ರ ಹಿಡಿಯುವ, ಗ್ಲೂಕೋಸಿನಿಂದ ತಯಾರಾದ ಅಂಶವುಳ್ಳ ವಿಶೇಷ ರಾಳದ ಮಣಿಗಳನ್ನೂ ಬಳಸುವುದುಂಟು. ಪೊರೆ ಬದಲಾಗದೆ, ಪೊರೆಗೆ ಕಾಣದ ವಸ್ತುವನ್ನು ಕಾಣುವಂತೆ ಮಾಡಿದ್ದು ಇಲ್ಲಿನ ಜಾಣತನ. ಅದಕ್ಕೂ ಮೊದಲು ಯಾರೋ ಒಬ್ಬರು, ಈ ನೀರು ಕೊನೆಗೆ ಯಾವ ಗಿಡದ ಬೇರಿಗೆ ಹೋಗುತ್ತದೆ ಎಂದು ಕೇಳಿರಬೇಕು. ಆ ಪ್ರಶ್ನೆ ಬಾರದಿದ್ದರೆ ಕಾಸ್ಟಿಕ್ ಸೋಡ ಯಾರಿಗೂ ಹೊಳೆಯುತ್ತಿರಲಿಲ್ಲ. ಏಕೆಂದರೆ ಮನುಷ್ಯ ಕುಡಿಯುವ ಲೆಕ್ಕದಲ್ಲಿ ನೋಡಿದರೆ ಅಷ್ಟು ಕಟ್ಟುನಿಟ್ಟು ಬೇಕಾಗಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಬೋರಾನಿಗೆ ಮೊದಲು 0.5 ಮಿಲಿಗ್ರಾಂ ಎಂದಿದ್ದದ್ದನ್ನು 2011ರ ಮಾರ್ಗಸೂಚಿಯಲ್ಲಿ 2.4ಕ್ಕೆ ಏರಿಸಿದೆ. ನಮ್ಮ ದೇಹ ತಾಳಿಕೊಳ್ಳುವುದನ್ನು ನಮ್ಮ ಗಿಡ ತಾಳಿಕೊಳ್ಳುವುದಿಲ್ಲ.

ಈ ಮಾತು ನಮ್ಮ ಊರಿಗೆ ಏಕೆ ಬೇಕು? ಏಕೆಂದರೆ ನಮ್ಮ ಕೆರೆಗಳಿಗೂ ಈಗ ಬೆಂಗಳೂರು ಮಹಾನಗರ ಬಳಸಿದ ನೀರು ಬರುತ್ತಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ ಕೋಲಾರದ ಕೆರೆಗಳ ಜೊತೆ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೂ ನೀರು ತರುವಂಥದ್ದು. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ ದಿನಕ್ಕೆ 21 ಕೋಟಿ ಲೀಟರ್ ನೀರನ್ನು 65 ಕೆರೆಗಳಿಗೆ ತುಂಬಿಸಬೇಕೆಂದು ರೂಪುಗೊಂಡದ್ದು, ಅವುಗಳಲ್ಲಿ ಬಹುಪಾಲು ನಮ್ಮ ಜಿಲ್ಲೆಯವು. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದಾಗ ಊರಿನವರು ಸಂತೋಷಪಟ್ಟದ್ದನ್ನು ಕಂಡಿದ್ದೇನೆ. ವರ್ಷಗಟ್ಟಲೆ ಒಣಗಿದ್ದ ಕೆರೆಯಂಗಳದಲ್ಲಿ ನೀರು ಕಂಡರೆ ಯಾರಿಗೆ ತಾನೇ ಮನಸ್ಸು ಅರಳುವುದಿಲ್ಲ. ಅಕ್ಕಪಕ್ಕದ ಸತ್ತ ಬೋರುಗಳಿಗೆ ಜೀವ ಬರುತ್ತದೆ ಎಂಬ ಆಸೆ ಅದರ ಜೊತೆಗೆ.

ಆದರೆ ಈ ನೀರು ಎರಡು ಹಂತಗಳಲ್ಲಿ ಮಾತ್ರ ಶುದ್ಧೀಕರಣಗೊಂಡದ್ದು. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಾಗ ಜನ ಹೆದರಿದರು, ವಿಷಯ ಹೈಕೋರ್ಟಿಗೆ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಒತ್ತಾಯಿಸುತ್ತಲೇ ಬಂದಿದೆ. ಆ ಒತ್ತಾಯ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ನೊರೆ ಕಣ್ಣಿಗೆ ಕಂಡಿತು, ಆದ್ದರಿಂದ ಪ್ರಶ್ನೆ ಎದ್ದಿತು. ಕಣ್ಣಿಗೂ ಮೂಗಿಗೂ ಟಿಡಿಎಸ್ ಪೆನ್ನಿಗೂ ಸಿಗದ ವಸ್ತುಗಳ ಪರವಾಗಿ ಪ್ರಶ್ನೆ ಎತ್ತುವವರು ಬೇಕು.

ಬೋರಾನಿನ ವಿಷಯದಲ್ಲಿ ನಮ್ಮ ನೆಲ ಬಹಳ ಸೂಕ್ಷ್ಮವಾದ ಜಾಗದಲ್ಲಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಭೂಚೇತನ ಕಾರ್ಯಕ್ರಮ ಆರಂಭಿಸಿ ಮಣ್ಣು ಪರೀಕ್ಷೆ ಮಾಡಿಸಿದಾಗ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಸತು, ಗಂಧಕಗಳ ಜೊತೆ ಬೋರಾನ್ ಕೊರತೆಯೂ ವ್ಯಾಪಕವಾಗಿ ಕಂಡಿತು. ಜಿಪ್ಸಮ್, ಸತುವಿನ ಸಲ್ಫೇಟ್, ಬೋರಾಕ್ಸ್ ಹಾಕಿ ಎಂದು ರೈತರಿಗೆ ಹೇಳಿದರು. ಬೋರಾನ್ ಸಾಲದಿದ್ದರೆ ಕಡಲೆಕಾಯಿ ಬೀಜ ಒಳಗೆ ಟೊಳ್ಳಾಗುತ್ತದೆ, ದ್ರಾಕ್ಷಿ ಗೊನೆಯಲ್ಲಿ ಹಣ್ಣು ಕಚ್ಚದೆ ಸಾಸಿವೆಯಂಥ ಕಾಳುಗಳೇ ಉಳಿಯುತ್ತವೆ. ಹೆಚ್ಚಾದರೆ ಹಳೆಯ ಎಲೆಗಳ ಅಂಚು ಸುಡುತ್ತದೆ. ಗಿಡ ಹೀರಿದ ನೀರು ಎಲೆಯಿಂದ ಆವಿಯಾಗಿ ಹೋದರೂ ಬೋರಾನ್ ಎಲೆಯ ತುದಿಯಲ್ಲೇ ಉಳಿಯುವುದರಿಂದ ಹೀಗಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆಳೆಗಳ ತಾಳಿಕೆಯ ಪಟ್ಟಿ ಮಾಡಿದೆ. ದ್ರಾಕ್ಷಿಗೆ ತಾಳುವ ಮಿತಿ ಲೀಟರಿಗೆ 0.5ರಿಂದ 0.75 ಮಿಲಿಗ್ರಾಂ, ಕಡಲೆಕಾಯಿಗೆ 0.75ರಿಂದ 1, ಟೊಮೆಟೊಗೆ 4ರಿಂದ 6. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟ, ಚಿಂತಾಮಣಿಯ ಟೊಮೆಟೊ ಹೊಲ ಒಂದೇ ಕೆರೆಯ ಪಕ್ಕದಲ್ಲಿದ್ದರೂ ಅವುಗಳ ಮಟ್ಟಿಗೆ ಆ ನೀರು ಒಂದೇ ಅಲ್ಲ. ಟೊಮೆಟೊಗೆ ಯಾವ ತೊಂದರೆಯೂ ಕೊಡದ ನೀರು ದ್ರಾಕ್ಷಿಯ ಎಲೆ ಸುಡಬಹುದು. ಜೊತೆಗೆ ಕೆರೆಯ ನೀರು ಬೇಸಿಗೆಯಲ್ಲಿ ಆರಿ ಕಡಿಮೆಯಾದಂತೆ ಅದರಲ್ಲಿರುವುದೆಲ್ಲ ಗಟ್ಟಿಯಾಗುತ್ತದೆ. ಮಣ್ಣಿಗೆ ಅಂಟಿದ ಬೋರಾನ್ ಉಪ್ಪಿನಷ್ಟು ಬೇಗ ಮಳೆಗೆ ತೊಳೆದುಹೋಗುವುದೂ ಇಲ್ಲ.

ಆದ್ದರಿಂದ ಒಳ್ಳೆಯ ನೀರು ಎಂಬ ಮಾತನ್ನು ಇನ್ನು ಮುಂದೆ ಒಂಟಿಯಾಗಿ ಆಡುವುದು ನನ್ನಿಂದ ಆಗದು. ಯಾರಿಗೆ ಒಳ್ಳೆಯದು ಎಂಬುದು ಅದರ ಜೊತೆಗೇ ಬರಬೇಕು. ಶಿಡ್ಲಘಟ್ಟದ ರೀಲರ್‌ಗಳಿಗೆ ಇದು ಅನುಭವದಿಂದ ಗೊತ್ತು. ರೇಷ್ಮೆಗೂಡು ಬೇಯಿಸುವ ನೀರು ಗಡಸಾದರೆ ಎಳೆ ಬಿಚ್ಚುವ ಬಗೆಯೂ ನೂಲಿನ ಹೊಳಪೂ ಬದಲಾಗುತ್ತದೆ. ಅವರು ನೀರನ್ನು ನಾಲಿಗೆಯಿಂದ ಅಳೆಯುವುದಿಲ್ಲ, ರಾಟೆಯ ಮೇಲಿನ ಎಳೆಯಿಂದ ಅಳೆಯುತ್ತಾರೆ. ಫ್ಲೋರೈಡ್ ಕೂಡ ಹೀಗೇ, ಅತಿ ಕಡಿಮೆ ಪ್ರಮಾಣದಲ್ಲಿ ಹಲ್ಲು ಹುಳುಕಾಗದಂತೆ ಕಾಯುವುದು ಅದೇ, ಮಿತಿ ಮೀರಿದರೆ ಹಲ್ಲನ್ನು ಕೆಡಿಸುವುದೂ ಅದೇ. ತೆಗೆಯುವುದು ಅತಿಯಾದರೂ ಕೇಡು. ಸಿಹಿ ಮಾಡಿದ ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ ಇಲ್ಲದೆ ಇಸ್ರೇಲಿನ ಬೆಳೆಗಳಲ್ಲಿ ಕೊರತೆ ಕಾಣಿಸಿಕೊಂಡಿತು. ನಮ್ಮ ಮನೆಗಳಲ್ಲಿ ಅಂಕಿ ಕಡಿಮೆಯಾದಷ್ಟೂ ನೀರು ಶ್ರೇಷ್ಠ ಎಂದು ಯಂತ್ರ ತಿರುಗಿಸುವವರು ಇದನ್ನು ಯೋಚಿಸಬೇಕು.

ಇನ್ನು ಕೋಣೆಯ ಹಿಂದಿನ ಕೊಳವೆ. ಇಪ್ಪತ್ತು ಲೀಟರ್ ಫಿಲ್ಟರ್ ನೀರು ತುಂಬುವಷ್ಟರಲ್ಲಿ ಸರಿಸುಮಾರು ಅಷ್ಟೇ ನೀರು ಅದರಿಂದ ಹೊರಗೆ ಹೋಗಿರುತ್ತದೆ, ಹಲವು ಕಡೆ ಅದಕ್ಕಿಂತ ಹೆಚ್ಚು. ಬೋರಿನ ನೀರಿನಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ಇದ್ದು ಅರ್ಧ ನೀರು ಒಳಗೆ ಅರ್ಧ ಹೊರಗೆ ಆದರೆ ಹೊರಗಿನದರಲ್ಲಿ 4ರ ಹತ್ತಿರ ಇರಲೇಬೇಕು, ಅದು ಸರಳ ಲೆಕ್ಕ. ನೈಟ್ರೇಟಿನದೂ ಇದೇ ಲೆಕ್ಕ. ಪೂರ್ವ ಕರ್ನಾಟಕದ ಕೊಳವೆಬಾವಿಗಳಲ್ಲಿ ಯುರೇನಿಯಂ ಇರುವುದನ್ನೂ ವಿಜ್ಞಾನಿಗಳು ಗುರುತಿಸಿದ್ದಾರೆ. ಪೊರೆ ಅದನ್ನೂ ಚೆನ್ನಾಗಿಯೇ ತಡೆಯುತ್ತದೆ, ತಡೆದದ್ದನ್ನು ಈ ಕೊಳವೆಗೇ ಕೊಡುತ್ತದೆ. ಸಾವಿರ ಅಡಿ ಕೆಳಗೆ ಬಂಡೆಯ ನಡುವೆ ಇದ್ದದ್ದನ್ನು ವಿದ್ಯುತ್ ಖರ್ಚು ಮಾಡಿ ಮೇಲೆ ತಂದು, ಇಮ್ಮಡಿ ಗಟ್ಟಿ ಮಾಡಿ, ಚರಂಡಿಯ ಮೂಲಕ ನೆಲದ ಮೇಲ್ಪದರಕ್ಕೆ ಸೇರಿಸುತ್ತಿದ್ದೇವೆ. ಒಂದು ಹಳ್ಳಿಯಲ್ಲಿ ಇದು ಸಣ್ಣ ಮಾತು. ಊರೂರಿನಲ್ಲೂ, ದಿನದಿನವೂ ನಡೆದರೆ ಸಣ್ಣದಲ್ಲ. ಕೆಲವು ಕಡೆ ಆ ನೀರನ್ನು ಇಂಗುಗುಂಡಿಗೆ ಬಿಡುವುದನ್ನು ನೋಡಿದ್ದೇನೆ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೆ ಕಷ್ಟಪಟ್ಟು ಬೇರ್ಪಡಿಸಿದ್ದನ್ನು ಮತ್ತೆ ಅದೇ ನೆಲಕ್ಕೆ ಇಳಿಸುವ ದಾರಿ ಅದು. ತೊಟ್ಟಿಯಲ್ಲಿ ಹಿಡಿದು ಶೌಚಾಲಯಕ್ಕೆ, ನೆಲ ತೊಳೆಯಲು, ಗಾರೆ ಕೆಲಸಕ್ಕೆ ಬಳಸುವುದು ಇದಕ್ಕಿಂತ ಮೇಲು.

ಪೊರೆಯ ತಂಟೆಗೇ ಹೋಗದ ನೀರೂ ನಮ್ಮಲ್ಲಿದೆ. ಮಳೆನೀರಿನಲ್ಲಿ ಬಂಡೆಯ ಫ್ಲೋರೈಡ್ ಇಲ್ಲ. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರಿನ ಸುಮಾರಿಗೆ ಮಳೆಯಾಗುತ್ತದೆ. 50 ಚದರ ಮೀಟರ್ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 35,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125 ಲೀಟರ್. ಮೊದಲ ಮಳೆ, ಚೆಲ್ಲಿದ್ದು, ಆರಿದ್ದು ಎಲ್ಲ ಕಳೆದರೂ ಸಾಲುತ್ತದೆ. ಮುಚ್ಚಿದ ತೊಟ್ಟಿ, ಸ್ವಚ್ಛವಾದ ಮಾಳಿಗೆ, ಕುದಿಸಿ ಕುಡಿಯುವ ಅಭ್ಯಾಸ ಇಷ್ಟು ಬೇಕು. ಮಳೆ ಕೈಕೊಟ್ಟ ವರ್ಷಕ್ಕೆ ಘಟಕ ಇದ್ದೇ ಇರಲಿ. ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆಂದು 2014ರ ಶಂಕುಸ್ಥಾಪನೆಯ ದಿನದಿಂದ ಕಾಯುತ್ತಿರುವ ನಾಡಿಗೆ ಮಾಳಿಗೆಯ ನೀರು ಕಾಯದೆಯೇ ಸಿಗುವಂಥದ್ದು.

ಮತ್ತೆ ಅಳತೆಯ ಮಾತಿಗೆ ಬರುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಏರ್ಪಾಡಿದೆ. ಬಣ್ಣ ನೋಡಿ ಫ್ಲೋರೈಡ್ ಹೇಳಬಲ್ಲ ಹೆಣ್ಣುಮಕ್ಕಳು ಹಳ್ಳಿಯಲ್ಲಿದ್ದಾರೆ ಎಂಬುದೇ ದೊಡ್ಡ ಬಲ. ಬೋರಾನಿಗೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಸಲಕರಣೆ ಬೇಕು, ಆದರೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಗದಂಥದ್ದಲ್ಲ. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಆಮ್ಲದ ಜೊತೆಯಲ್ಲಿ ಬೋರಾನ್ ಸಿಕ್ಕರೆ ಕೆಂಪಾಗುತ್ತದೆ. ನೀರಿನ ಮಾದರಿಯನ್ನು ಅದರೊಡನೆ ಆರಿಸಿ, ಆಲ್ಕೊಹಾಲಿನಲ್ಲಿ ಕರಗಿಸಿ, ಕೆಂಪಿನ ಗಾಢತೆಯನ್ನು ವರ್ಣಮಾಪಕದಲ್ಲಿ ಓದಿದರೆ ದ್ರಾಕ್ಷಿಗೆ ಮುಖ್ಯವಾದ ಅಷ್ಟು ಸಣ್ಣ ಪ್ರಮಾಣವೂ ತಿಳಿಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟರಾಗಿ, ಬೆಂಗಳೂರು ವಿಜ್ಞಾನ ವೇದಿಕೆಯ ಮೂಲಕ ಜೀವಮಾನವೆಲ್ಲ ಹೇಳಿದ್ದು ಪರೀಕ್ಷಿಸಿ ನೋಡುವ ಬುದ್ಧಿಯ ಬಗ್ಗೆ. ಅವರ ತಾಲ್ಲೂಕಿನ, ಅವರ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದೆ? ಮಳೆಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಮಾದರಿ ತರಲಿ. ಕಂದವಾರ ಕೆರೆಯದ್ದೊಂದು, ಅದರ ಕೆಳಗಿನ ದ್ರಾಕ್ಷಿ ತೋಟದ ಬೋರಿನದ್ದೊಂದು, ಗೌರಿಬಿದನೂರಿನ ಕಡೆಯ ಕೆರೆಯೊಂದರದ್ದು, ಚಿಂತಾಮಣಿಯ ಟೊಮೆಟೊ ಹೊಲದ ಕೃಷಿಹೊಂಡದ್ದು, ಶಿಡ್ಲಘಟ್ಟದ ರೀಲಿಂಗ್ ಘಟಕಕ್ಕೆ ಬರುವ ಟ್ಯಾಂಕರಿನದ್ದು. ಫಿಲ್ಟರ್ ನೀರಿನ ಘಟಕದಿಂದ ಮೂರು ಮಾದರಿ ಬೇಕು: ಒಳಗೆ ಹೋಗುವ ನೀರು, ಕ್ಯಾನಿಗೆ ಬೀಳುವ ನೀರು, ಹಿಂದಿನ ಕೊಳವೆಯ ನೀರು. ಬೋರಾನ್, ಫ್ಲೋರೈಡ್ ಎರಡನ್ನೂ ನೋಡಲಿ, ಬಂದ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬೆಳೆಯ ಹೆಸರಿನ ಜೊತೆ ಬರೆಸಲಿ. ಮಾದರಿ ಹಿಡಿಯುವ ಬಾಟಲಿ ಮಾತ್ರ ಪ್ಲಾಸ್ಟಿಕ್ಕಿನದೇ ಆಗಿರಬೇಕು, ಪ್ರಯೋಗಾಲಯದ ಗಾಜಿನಲ್ಲೇ ಬೋರಾನ್ ಇರುತ್ತದೆ.